ಟ್ಯೂನಿಂಗ್ ನಾಬ್ ಹಟ ಹಿಡಿದಿದೆಯಾ? ರೇಡಿಯೋ ಬಿಚ್ಚುವ ಮುಂಚೆ ಸ್ವಲ್ಪ ತಡೆಯಿರಿ

ಹ್ಯಾಮ್ ರೇಡಿಯೋದಲ್ಲಿ, ಅಂದರೆ ಹವ್ಯಾಸಿಗಳು ಪರಸ್ಪರ ಮಾತಾಡುವ ರೇಡಿಯೋ ಸೆಟ್ಟಿನಲ್ಲಿ, ಎಲ್ಲಕ್ಕಿಂತ ಜಾಸ್ತಿ ಕೈ ಬೀಳುವುದು ಫ್ರೀಕ್ವೆನ್ಸಿ ಬದಲಿಸುವ ಟ್ಯೂನಿಂಗ್ ನಾಬ್ ಮೇಲೆ. ಹಾಗಾಗಿ ತಕರಾರು ಶುರುವಾಗುವುದೂ ಅಲ್ಲೇ. 40 ಮೀಟರ್ ಬ್ಯಾಂಡ್ ಅನ್ನುವ ಫ್ರೀಕ್ವೆನ್ಸಿ ಪಟ್ಟಿಯಲ್ಲಿ ಯಾರೋ ಮಾತಾಡುತ್ತಿರುತ್ತಾರೆ, ದನಿ ಸರಿಯಾಗಿ ಕೂರಲಿ ಅಂತ ಮೆಲ್ಲಗೆ ತಿರುಗಿಸುತ್ತೀರಿ, ಫ್ರೀಕ್ವೆನ್ಸಿ ಎರಡು ಹೆಜ್ಜೆ ಮುಂದೆ ಹೋಗಿ ಒಂದು ಹೆಜ್ಜೆ ಹಿಂದೆ ಬರುತ್ತದೆ. ಎಸ್‌ಎಸ್‌ಬಿಯಲ್ಲಿ, ಅಂದರೆ ಹ್ಯಾಮ್‌ಗಳು ಮಾತಿಗೆ ಬಳಸುವ ಪ್ರಸಾರ ವಿಧಾನದಲ್ಲಿ, 100 ಹರ್ಟ್ಸ್ ಆಚೀಚೆ ಆದರೂ ದನಿ ಬದಲಾಗುತ್ತೆ, ಅದು ನಿಮಗೆ ಗೊತ್ತೇ ಇದೆ. ಯಾರನ್ನು ಕೇಳಿದರೂ "ಎನ್‌ಕೋಡರ್ ಹೋಗಿದೆ, ಬದಲಾಯಿಸಿ" ಅಂತಾರೆ. ಎನ್‌ಕೋಡರ್ ಅಂದರೆ ನಾಬ್ ಯಾವ ಕಡೆ, ಎಷ್ಟು ತಿರುಗಿತು ಅಂತ ಸೆಟ್ಟಿಗೆ ಹೇಳುವ, ನಾಬಿನ ಹಿಂದಿನ ಭಾಗ. ಎಷ್ಟೋ ಸಲ ಅದು ಹೋಗಿರುವುದೇ ಇಲ್ಲ. ಒಳಗೆ ಕೊಳೆ ಕೂತಿರುತ್ತೆ, ಇಲ್ಲಾ ಒಂದು ಸಣ್ಣ ಸ್ಕ್ರೂ ಸಡಿಲವಾಗಿರುತ್ತೆ.

ಮೊದಲು ಸ್ಕ್ರೂಡ್ರೈವರ್ ಕೆಳಗಿಡಿ. ನಾಬ್ ತಿರುಗಿಸಿದರೆ ಏನೂ ಆಗುತ್ತಿಲ್ಲವಾ? ಲಾಕ್ ಬಟನ್ ನೋಡಿ. ನಗಬೇಡಿ, ರೇಡಿಯೋ ಒರೆಸುವಾಗ ಬೆರಳು ತಾಗಿ ಲಾಕ್ ಆಗುವುದು ಮಾಮೂಲು. ತುಂಬಾ ದೊಡ್ಡ ಹೆಜ್ಜೆ ಹಾಕುತ್ತಿದ್ದರೆ ಸ್ಟೆಪ್ ಸೆಟ್ಟಿಂಗ್ 1 ಕಿಲೋಹರ್ಟ್ಸ್‌ಗೆ ಹೋಗಿರಬಹುದು. ಇನ್ನೂ ಒಂದು ಪರೀಕ್ಷೆ: ಮೈಕಿನ ಮೇಲೆ ಅಪ್, ಡೌನ್ ಬಟನ್ ಇದ್ದರೆ ಒತ್ತಿ. ಅದರಿಂದ ಫ್ರೀಕ್ವೆನ್ಸಿ ಸರಿಯಾಗಿ ಬದಲಾಗುತ್ತಿದ್ದರೆ ರೇಡಿಯೋ ಚೆನ್ನಾಗಿಯೇ ಇದೆ, ಕಳ್ಳ ಇರುವುದು ನಾಬ್ ಹತ್ತಿರ.

ಆಮೇಲೆ ನಾಬನ್ನು ಎರಡು ಬೆರಳಲ್ಲಿ ಹಿಡಿದು ಮುಂದಕ್ಕೆ ಹಿಂದಕ್ಕೆ ಸ್ವಲ್ಪ ಅಲ್ಲಾಡಿಸಿ. ನಾಬ್ ತಿರುಗುತ್ತೆ ಆದರೆ ಒಳಗಿನ ಶಾಫ್ಟ್ ತಿರುಗುವುದಿಲ್ಲ ಅನ್ನಿಸಿದರೆ ಗ್ರಬ್ ಸ್ಕ್ರೂ, ಅಂದರೆ ನಾಬನ್ನು ಶಾಫ್ಟಿಗೆ ಬಿಗಿಯುವ ತಲೆಯಿಲ್ಲದ ಸಣ್ಣ ಸ್ಕ್ರೂ, ಸಡಿಲ. ನಾಬಿನ ಸುತ್ತ ರಬ್ಬರ್ ಪಟ್ಟಿ ಇದ್ದರೆ ಉಗುರಿನಲ್ಲಿ ಎಬ್ಬಿಸಿ ತೆಗೆಯಿರಿ, ಸ್ಕ್ರೂ ತೂತು ಅದರ ಕೆಳಗೆ ಅಡಗಿರುತ್ತೆ. ಸಾಮಾನ್ಯವಾಗಿ 1.5 ಅಥವಾ 2 ಮಿ.ಮೀ. ಅಲೆನ್ ಕೀ ಬೇಕಾಗುತ್ತದೆ. ಇಲ್ಲೊಂದು ಎಚ್ಚರ: ಇಂಚಿನ ಲೆಕ್ಕದ 1/16 ಕೀ ಸುಮಾರು 1.59 ಮಿ.ಮೀ. ಇರುತ್ತದೆ, ನೋಡೋಕೆ 1.5ರ ಥರಾನೇ. 1/16ರ ಸ್ಕ್ರೂಗೆ 1.5ರ ಕೀ ಹಾಕಿ ಬಲವಾಗಿ ತಿರುಗಿಸಿದಿರೋ, ಸ್ಕ್ರೂವಿನ ಆರು ಮೂಲೆಯ ತೂತು ಸವೆದು ದುಂಡಗಾಗುತ್ತೆ, ಆಮೇಲೆ ಅದನ್ನು ತೆಗೆಯುವುದೇ ಒಂದು ದೊಡ್ಡ ಕೆಲಸ. ಕೀ ಒಳಗೆ ಕೂತ ಮೇಲೆ ಲೊಡಲೊಡ ಅನ್ನಬಾರದು.

ಸ್ಕ್ರೂ ಇಲ್ಲದ ನಾಬೂ ಇರುತ್ತವೆ, ಸುಮ್ನೆ ಒತ್ತಿ ಕೂರಿಸಿರುತ್ತಾರೆ. ಅಂಥದ್ದನ್ನು ಒಂದೇ ಕಡೆಯಿಂದ ಸ್ಕ್ರೂಡ್ರೈವರ್ ತೂರಿಸಿ ಎಬ್ಬಿಸಬೇಡಿ. ಪ್ಯಾನಲ್ ಗೀಚಿ ಹೋಗುತ್ತೆ, ಶಾಫ್ಟ್ ಬಾಗಿದರೂ ಬಾಗಬಹುದು. ಒಂದು ಶೂ ಲೇಸ್ ತಗೊಂಡು ನಾಬಿನ ಹಿಂದೆ ಸುತ್ತಿ, ಎರಡೂ ತುದಿ ಹಿಡಿದು ನೇರವಾಗಿ ನಿಮ್ಮ ಕಡೆ ಎಳೆಯಿರಿ. ಬಂದುಬಿಡುತ್ತೆ.

ನಾಬ್ ಬಿಗಿಯಾಗಿ ತಿರುಗುತ್ತಿದ್ದರೆ, ಇಲ್ಲಾ ಕೈ ಬಿಟ್ಟ ಮೇಲೂ ತಾನಾಗೇ ಸುತ್ತುತ್ತಿದ್ದರೆ ಅದು ಡ್ರ್ಯಾಗ್, ಅಂದರೆ ನಾಬ್ ತಿರುಗುವಾಗಿನ ಬಿಗಿತದ, ಸಮಸ್ಯೆ. ಬಹಳ ಸೆಟ್‌ಗಳಲ್ಲಿ ಅದನ್ನು ಹೊಂದಿಸಲು ನಾಬಿನ ಹತ್ತಿರ ಒಂದು ಸಣ್ಣ ಲಿವರ್ ಅಥವಾ ಸ್ಕ್ರೂ ಕೊಟ್ಟಿರುತ್ತಾರೆ. ಮ್ಯಾನುಯಲ್ ತೆಗೆದು ನೋಡಿ, ಎರಡು ನಿಮಿಷದ ಕೆಲಸ.

ಈಗ ನಿಜವಾದ ತಲೆನೋವಿಗೆ ಬರೋಣ, ಅದೇ ಫ್ರೀಕ್ವೆನ್ಸಿ ಕುಣಿಯುವುದು. ಎನ್‌ಕೋಡರ್ ಎರಡು ಥರ. ದುಬಾರಿ ಸೆಟ್‌ಗಳ ದೊಡ್ಡ ನಾಬಿನ ಹಿಂದೆ ಸಾಮಾನ್ಯವಾಗಿ ಆಪ್ಟಿಕಲ್ ಇರುತ್ತದೆ: ಸಣ್ಣ ಸಣ್ಣ ಸೀಳು ಇರುವ ಒಂದು ಚಕ್ರ, ಒಂದು ಕಡೆ ಎಲ್‌ಇಡಿ, ಇನ್ನೊಂದು ಕಡೆ ಬೆಳಕು ಹಿಡಿಯುವ ಸೆನ್ಸರ್. ಒಳಗೆ ತಾಗುವ ಕಾಂಟ್ಯಾಕ್ಟ್ ಇಲ್ಲ, ಹಾಗಾಗಿ ಸವೆಯುವುದಿಲ್ಲ. ಧೂಳು ಅಥವಾ ಕೂದಲೆಳೆ ಸಿಕ್ಕಿಕೊಂಡರೆ ಮಾತ್ರ ತಪ್ಪು ಎಣಿಸುತ್ತೆ. ಕ್ಯಾಮೆರಾ ಲೆನ್ಸ್ ಊದುವ ರಬ್ಬರ್ ಬ್ಲೋವರ್ ಸಾಕು. ಅದಕ್ಕೆ ಯಾವ ದ್ರವವನ್ನೂ ಸುರಿಯಬೇಡಿ.

ಸಣ್ಣ ಸೆಟ್‌ಗಳಲ್ಲಿ, ಮನೆಯಲ್ಲೇ ಕಟ್ಟಿದ ಸೆಟ್‌ಗಳಲ್ಲಿ ಇರುವುದು ಮೆಕ್ಯಾನಿಕಲ್ ಎನ್‌ಕೋಡರ್. ಹೈದರಾಬಾದಿನ ಅಶ್ಹರ್ ಫರ್ಹಾನ್ (ಹ್ಯಾಮ್ ಕಾಲ್ ಸೈನ್ ವಿಯು2ಇಎಸ್‌ಇ) ರೂಪಿಸಿದ ಮೈಕ್ರೋಬಿಟೆಕ್ಸ್ ಸೆಟ್ ನಮ್ಮಲ್ಲಿ ಎಷ್ಟೋ ಹ್ಯಾಮ್‌ಗಳ ಮೇಜಿನ ಮೇಲಿದೆ, ಅದರಲ್ಲಿರುವುದೂ ಇದೇ. ಒಳಗೆ ಎರಡು ಸ್ವಿಚ್, ಎ ಮತ್ತು ಬಿ ಅನ್ನೋಣ. ಬಲಕ್ಕೆ ತಿರುಗಿಸಿದರೆ ಎ ಮೊದಲು ಮುಚ್ಚುತ್ತೆ, ಎಡಕ್ಕಾದರೆ ಬಿ ಮೊದಲು. ಯಾವುದು ಮೊದಲು ಬಂತು ಅಂತ ನೋಡಿಯೇ ಪ್ರೊಸೆಸರ್ ದಿಕ್ಕು ತೀರ್ಮಾನ ಮಾಡುತ್ತೆ. ಎ ಕಾಂಟ್ಯಾಕ್ಟಿನಲ್ಲಿ ಕೊಳೆ ಇದ್ದು ಅದು ಒಂದು ಕ್ಷಣ ತಡವಾಗಿ ತಾಗಿತು ಅನ್ನಿ, ಬಿ ಮೊದಲು ಬಂದಂತಾಗುತ್ತೆ, ಪಾಪ ಪ್ರೊಸೆಸರ್ ನೀವು ಎಡಕ್ಕೆ ತಿರುಗಿಸಿದಿರಿ ಅಂದುಕೊಳ್ಳುತ್ತೆ. ಮುಂದೆ ಹೋಗಬೇಕಾದ್ದು ಹಿಂದೆ ಬರುವುದು ಇದಕ್ಕೇ. ಅವರದೇ ಹಳೆಯ ಸೆಟ್ ಬಿಟೆಕ್ಸ್-40 ಇದ್ದರೆ ಕಥೆ ಬೇರೆ. ಅದರಲ್ಲಿ ಟ್ಯೂನಿಂಗ್‌ಗೆ ಇರುವುದು ಪೊಟೆನ್ಷಿಯೋಮೀಟರ್ (ತಿರುಗಿಸಿದಂತೆ ರೋಧ ಬದಲಾಗುವ ಭಾಗ), ಅದು ಕೆಟ್ಟರೆ ನೀವು ಮುಟ್ಟದೇ ಇದ್ದಾಗಲೂ ಫ್ರೀಕ್ವೆನ್ಸಿ ಅಲ್ಲಾಡುತ್ತಿರುತ್ತೆ.

ಪವರ್ ಸಪ್ಲೈ ವೈರ್ ಕಿತ್ತು ಪಕ್ಕಕ್ಕಿಡಿ, ಸ್ವಿಚ್ ಆಫ್ ಮಾಡಿದರೆ ಸಾಲದು. ಎನ್‌ಕೋಡರ್ ಹಿಂಭಾಗದಲ್ಲಿ ಒಂದು ಕಡೆ ಮೂರು ಪಿನ್ ಇರುತ್ತವೆ, ಇನ್ನೊಂದು ಕಡೆ ಎರಡು. ಆ ಎರಡು ಒತ್ತುವ ಸ್ವಿಚ್ಚಿಗೆ, ಬಿಟ್ಟುಬಿಡಿ. ಮೂರರಲ್ಲಿ ಸಾಮಾನ್ಯವಾಗಿ ನಡುವಿನದು ಕಾಮನ್, ಅಂದರೆ ಎ, ಬಿ ಎರಡಕ್ಕೂ ಸೇರಿದ್ದು. ಮಲ್ಟಿಮೀಟರನ್ನು ಬೀಪ್‌ಗೆ ಹಾಕಿ, ಕಪ್ಪು ಕಡ್ಡಿ ನಡುವಿನ ಪಿನ್ನಿಗೆ, ಕೆಂಪು ಕಡ್ಡಿ ಪಕ್ಕದ ಪಿನ್ನಿಗೆ. ಈಗ ಶಾಫ್ಟನ್ನು ನಿಧಾನವಾಗಿ ತಿರುಗಿಸಿ. ಬೀಪ್ ಬರಬೇಕು, ನಿಲ್ಲಬೇಕು, ಮತ್ತೆ ಬರಬೇಕು, ಒಂದೇ ತಾಳದಲ್ಲಿ. ಕರಕರ ಅಂತ ಒಡೆದು ಬಂದರೆ, ಇಲ್ಲಾ ನಡುನಡುವೆ ಮಾಯವಾದರೆ ಕೊಳೆ ಗ್ಯಾರಂಟಿ. ಇನ್ನೊಂದು ಪಿನ್ನಿಗೂ ಹೀಗೇ ಮಾಡಿ. ಎಷ್ಟೋ ಸಲ ಒಂದೇ ಕಡೆ ಕೆಟ್ಟಿರುತ್ತೆ.

ಸ್ವಚ್ಛ ಮಾಡುವ ವಿಷಯದಲ್ಲಿ ನನ್ನದು ಸ್ವಲ್ಪ ಹಟದ ಅಭಿಪ್ರಾಯ. ಶಾಫ್ಟ್ ಸಂದಿಗೆ ಕ್ಲೀನರ್ ಸ್ಪ್ರೇ ಹೊಡೆದು ಗರಗರ ತಿರುಗಿಸುವುದು ಎಲ್ಲರೂ ಮಾಡುವ ಕೆಲಸ, ಅವತ್ತಿಗೆ ಸರಿಯೂ ಹೋಗುತ್ತೆ. ಆದರೆ ಶಾಫ್ಟಿಗೆ ಹಾಕಿರುವ ಗ್ರೀಸ್ ಕರಗಿ ಕಾಂಟ್ಯಾಕ್ಟಿನ ಮೇಲೆ ಇಳಿಯುತ್ತೆ, ಸ್ವಲ್ಪ ದಿನ ಬಿಟ್ಟು ಮತ್ತೆ ಅದೇ ರಾಗ. ಸಾಮಾನ್ಯ ಡಬ್ಲ್ಯೂಡಿ-40 ಅಂತೂ ಬೇಡವೇ ಬೇಡ, ಅದು ಎಣ್ಣೆ ಪದರ ಉಳಿಸಿ ಹೋಗುತ್ತೆ, ನಮ್ಮ ಬೆಂಗಳೂರಿನ ರಸ್ತೆ ಅಗೆತದ ಧೂಳಿಗೆ ಅದಕ್ಕಿಂತ ಒಳ್ಳೆ ಅಂಟು ಬೇಕಾ?

ಬದಲಿಗೆ ಎನ್‌ಕೋಡರನ್ನು ಬೋರ್ಡಿನಿಂದ ಹೊರತೆಗೆದು (ಹೇಗೆ ಅಂತ ಮುಂದೆ ಹೇಳುತ್ತೇನೆ) ಬಿಚ್ಚಿ. ಮೇಲಿನ ಲೋಹದ ಕವಚವನ್ನು ಮಡಚಿದ ನಾಲ್ಕು ಕಿವಿಗಳು ಹಿಡಿದಿರುತ್ತವೆ. ತೆಳು ಬ್ಲೇಡಿನಿಂದ ಮೆಲ್ಲಗೆ ಎತ್ತಿ. ಜಾಸ್ತಿ ಬಗ್ಗಿಸಿದರೆ ಮುರಿಯುತ್ತವೆ. ಕೆಳಗೆ ಒಂದು ಸ್ಟೀಲ್ ತಟ್ಟೆ ಇಟ್ಟುಕೊಂಡಿರಿ, ಒಳಗಿನ ಸ್ಪ್ರಿಂಗ್ ಹಾರಿ ಮಂಚದ ಕೆಳಗೆ ಹೋದರೆ ಸಿಗುವುದಿಲ್ಲ. ಬಿಚ್ಚುತ್ತಾ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಒಳಗೆ ಕೂದಲೆಳೆಯಷ್ಟು ತೆಳ್ಳಗಿನ ಲೋಹದ ಬೆರಳುಗಳು, ಅವು ಉಜ್ಜುವ ದುಂಡನೆಯ ಪಟ್ಟಿ. ಆ ಪಟ್ಟಿಯ ಮೇಲೆ ಬೆರಳು ಓಡಿದ ದಾರಿಯಲ್ಲೇ ಕಪ್ಪು ಗೆರೆ, ಅಂಚಿನಲ್ಲಿ ಹಳದಿಗಟ್ಟಿದ ಗ್ರೀಸ್ ಕಾಣುತ್ತೆ. ಶೇಕಡಾ 99ರ ಐಸೋಪ್ರೊಪೈಲ್ ಆಲ್ಕೋಹಾಲ್ ಇಯರ್ ಬಡ್‌ಗೆ ಹಾಕಿ ಬಡ್ ಬಿಳಿಯಾಗೇ ಬರುವ ತನಕ ಒರೆಸಿ. ಶೇಕಡಾ 70ರದ್ದು ಬೇಡ, ಉಳಿದದ್ದು ನೀರು. ಕಿಟಕಿ ತೆರೆದಿರಲಿ, ಪಕ್ಕದಲ್ಲಿ ಸೋಲ್ಡರಿಂಗ್ ಐರನ್ ಬಿಸಿಯಾಗಿರದಿರಲಿ. ಬೆರಳುಗಳು ಚಪ್ಪಟೆಯಾಗಿದ್ದರೆ ಸೂಜಿಯಿಂದ ಒಂಚೂರು ಮೇಲೆತ್ತಿ. ಮರಳು ಕಾಗದ ಮುಟ್ಟಿಸಬೇಡಿ.

ಬೋರ್ಡಿನಿಂದ ಬಿಡಿಸುವುದೇ ಕಷ್ಟದ ಭಾಗ. ಪಕ್ಕದ ಎರಡು ದೊಡ್ಡ ಕಾಲುಗಳು ಬಿಸಿಯನ್ನೆಲ್ಲ ಕುಡಿದುಬಿಡುತ್ತವೆ. ಅಲ್ಲಿಗೆ ಸ್ವಲ್ಪ ಹೊಸ ಸೋಲ್ಡರ್ ಹಾಕಿ ಕರಗಿಸಿ, ಆಮೇಲೆ ಡಿಸೋಲ್ಡರಿಂಗ್ ವಿಕ್ (ಕರಗಿದ ಸೋಲ್ಡರ್ ಹೀರುವ ಹೆಣೆದ ತಾಮ್ರದ ಪಟ್ಟಿ) ಇಟ್ಟು ಹೀರಿ. ಎನ್‌ಕೋಡರ್ ಹೇಗೂ ಎಸೆಯುವುದೇ ಅಂತಾದರೆ ತಲೆ ಕೆಡಿಸಿಕೊಳ್ಳಬೇಡಿ, ಪಿನ್‌ಗಳನ್ನು ಕಟ್ಟರ್‌ನಿಂದ ಕತ್ತರಿಸಿ ಒಂದೊಂದಾಗಿ ತೆಗೆಯಿರಿ, ಬೋರ್ಡ್ ಉಳಿಯುತ್ತೆ.

ಹೊಸದು ಬೇಕಾದರೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಎಸ್.ಪಿ. ರೋಡ್. ಕಾರು ಮನೆಯಲ್ಲೇ ಬಿಡಿ, ಚಿಕ್ಕಪೇಟೆ ಮೆಟ್ರೋದಲ್ಲಿ ಇಳಿದು ನಡೆಯಿರಿ. ಭಾನುವಾರ ಹೋಗಬೇಡಿ. ಹಳೆಯದನ್ನು ಜೇಬಲ್ಲಿ ಇಟ್ಟುಕೊಂಡೇ ಹೋಗಿ, ಯಾಕೆಂದರೆ ಎನ್‌ಕೋಡರ್ ಕೇಳಿದರೆ "ವಾಲ್ಯೂಮ್ ಕಂಟ್ರೋಲ್ ತಾನೇ ಸಾರ್?" ಅಂತ ಪೊಟೆನ್ಷಿಯೋಮೀಟರ್ ಕೊಡುವವರಿದ್ದಾರೆ. ನೋಡೋಕೆ ಎರಡೂ ಒಂದೇ. ಎನ್‌ಕೋಡರ್ ಆದರೆ ಎಷ್ಟು ಸುತ್ತಿದರೂ ಕೊನೆ ಮುಟ್ಟುವುದಿಲ್ಲ. ಶಾಫ್ಟ್ 6 ಮಿ.ಮೀ. ದಪ್ಪ ಇದೆಯಾ, ಚಪ್ಪಟೆ ಮುಖದ್ದಾ ಹಲ್ಲಿನದ್ದಾ, ಉದ್ದ ಎಷ್ಟು, ಒಂದು ಸುತ್ತಿಗೆ ಎಷ್ಟು ಪಲ್ಸ್, ಇವಿಷ್ಟು ಹೊಂದಬೇಕು. ಹಾಕಿದ ಮೇಲೆ ದಿಕ್ಕು ಉಲ್ಟಾ ಬಂದರೆ ಎ, ಬಿ ವೈರ್ ಅದಲುಬದಲು ಮಾಡಿ. ಮನೆಯಲ್ಲಿ ಕಟ್ಟಿದ ಸೆಟ್ ಆದರೆ ಎರಡೂ ಪಿನ್ನಿನಿಂದ ಗ್ರೌಂಡಿಗೆ ಒಂದೊಂದು 10 ನ್ಯಾನೋಫ್ಯಾರಡ್ ಕೆಪಾಸಿಟರ್ ಹಾಕಿಬಿಡಿ, 10 ಕಿಲೋಓಮ್ ಪುಲ್-ಅಪ್ (ಪಿನ್ನನ್ನು ಪ್ಲಸ್ ವೋಲ್ಟೇಜಿಗೆ ಎಳೆದಿಡುವ ರೆಸಿಸ್ಟರ್) ಜೊತೆ ಸಣ್ಣಪುಟ್ಟ ಅದುರುವಿಕೆಯನ್ನು ಅದು ನುಂಗಿಕೊಳ್ಳುತ್ತೆ.

ಮಾತಾಡಲು ಮೈಕಿನ ಪಿಟಿಟಿ ಬಟನ್ ಒತ್ತಿದಾಗ ಮಾತ್ರ ಫ್ರೀಕ್ವೆನ್ಸಿ ಹಾರುತ್ತಿದ್ದರೆ ಎನ್‌ಕೋಡರನ್ನು ಬೈಯಬೇಡಿ. ನಿಮ್ಮದೇ ಆರ್‌ಎಫ್ (ಸೆಟ್ ಹೊರಬಿಡುವ ರೇಡಿಯೋ ತರಂಗ) ಎನ್‌ಕೋಡರ್ ವೈರ್‌ಗಳಿಗೆ ನುಗ್ಗುತ್ತಿದೆ. ವೈರ್ ಗಿಡ್ಡ ಮಾಡಿ, ಶೀಲ್ಡ್ ಇರುವುದು ಹಾಕಿ, ಒಂದು ಫೆರೈಟ್ ಮಣಿ ಏರಿಸಿ. ಅಷ್ಟಕ್ಕೂ ನಿಲ್ಲದಿದ್ದರೆ ಆಂಟೆನಾದ ಎಸ್‌ಡಬ್ಲ್ಯೂಆರ್ (ಕಳಿಸಿದ ಶಕ್ತಿ ಎಷ್ಟು ವಾಪಸ್ ಬರುತ್ತಿದೆ ಅಂತ ತೋರಿಸುವ ಅಳತೆ) ನೋಡಿ.

ನಾಬ್ ವಾಪಸ್ ಹಾಕುವಾಗ ಪ್ಯಾನಲ್‌ಗೆ ತಾಗಿ ಉಜ್ಜಬಾರದು. ಒಂದು ವಿಸಿಟಿಂಗ್ ಕಾರ್ಡ್ ನಡುವೆ ಇಟ್ಟು ನಾಬ್ ಒತ್ತಿ ಹಿಡಿದು, ಗ್ರಬ್ ಸ್ಕ್ರೂ ಶಾಫ್ಟಿನ ಚಪ್ಪಟೆ ಮುಖದ ಮೇಲೇ ಬರುವ ಹಾಗೆ ಬಿಗಿ ಮಾಡಿ. ಕಾರ್ಡ್ ಎಳೆದುಕೊಂಡು ರಬ್ಬರ್ ಪಟ್ಟಿ ಹಾಕಿ.