ಮುಖಪುಟವಿಲ್ಲದ ಹಳೇ ಕಾಮಿಕ್ಸ್‌ನ ಗುರುತು ಹಿಡಿಯುವುದು ಹೇಗೆ?

ಹಳೇ ಪುಸ್ತಕಗಳ ಕಟ್ಟೊಂದರ ತಳದಲ್ಲಿ ನನಗೆ ಒಂದು ಅಮೆರಿಕನ್ ಕಾಮಿಕ್ಸ್ ಸಿಕ್ಕಿತ್ತು. ಮುಖಪುಟ ಇರಲಿಲ್ಲ. ಒಳಗೆ ಕಾಡು ಕಾಯುವ ಹೆಂಗಸೊಬ್ಬಳ ಕಥೆ. ಸಿಟ್ಟು ಬಂದರೆ ಸಾಕು, ಅವಳ ಚೆಂದದ ಮುಖ ತಲೆಬುರುಡೆಯಾಗುತ್ತದೆ. ಯಾರು ಬರೆದದ್ದು, ಯಾವ ಕಾಲದ್ದು ಒಂದೂ ಗೊತ್ತಿಲ್ಲ. ಅದನ್ನು ಪತ್ತೆ ಹಚ್ಚಿದ ದಾರಿಯನ್ನೇ ಇಲ್ಲಿ ಹೇಳುತ್ತೇನೆ.

ಮೊದಲು ಒಂದು ಮಾತು. ಮುಖಪುಟ ಇಲ್ಲ ಅಂತ ಯಾವ ಕಾಮಿಕ್ಸನ್ನೂ ಪಕ್ಕಕ್ಕೆ ಇಡಬೇಡಿ. ಆಗೆಲ್ಲ ಅಂಗಡಿಯವರು ಮಾರಾಟವಾಗದ ಪ್ರತಿಯ ಮುಖಪುಟವನ್ನೋ ಅದರ ಮೇಲಿನ ಪಟ್ಟಿಯನ್ನೋ ಹರಿದು ವಾಪಸ್ ಕಳಿಸಿ ದುಡ್ಡು ಪಡೆಯುತ್ತಿದ್ದರು. ಹಾಗಾಗಿ ಎಷ್ಟೋ ಪ್ರತಿಗಳು ಹೀಗೇ ಉಳಿದಿವೆ. ಸಂಗ್ರಹಕಾರರು ಇವನ್ನು ಕೇಳುವುದು ಕಡಿಮೆ. ಓದುವವರಿಗೆ ಕಥೆ ಪೂರ್ತಿ ಇದ್ದರೆ ಸಾಕು, ಅಲ್ವಾ?

ಪುಸ್ತಕ ಕೈಗೆ ಬಂದ ಕೂಡಲೇ ಮೊದಲ ಪುಟದ ಅಡಿಯ ಸಣ್ಣ ಅಕ್ಷರ ನೋಡಿ. ಪ್ರಕಾಶಕರ ಹೆಸರು, ಸಂಚಿಕೆ ಸಂಖ್ಯೆ, ತಿಂಗಳು ಅಲ್ಲಿರಬಹುದು. ಕೆಲವರು ಅದನ್ನು ಮುಖಪುಟದ ಒಳಬದಿಯಲ್ಲಿ ಅಚ್ಚು ಹಾಕುತ್ತಿದ್ದರು. ಮುಖಪುಟದ ಜೊತೆ ಅದೂ ಹೋಗಿರುತ್ತದೆ. ಆಗ ಒಳಗಿನ ಎಲ್ಲಾ ಕಥೆಗಳ ನಾಯಕರ ಹೆಸರನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಒಬ್ಬರ ಹೆಸರು ಸಾಲದು, ಏಕೆಂದರೆ ಒಂದೇ ಪಾತ್ರ ಹತ್ತಾರು ಸಂಚಿಕೆಗಳಲ್ಲಿ ಬಂದಿರುತ್ತದೆ.

ಇನ್ನೊಂದು ಒಳ್ಳೆ ಸುಳಿವು, ಚಿತ್ರಗಳ ಮಧ್ಯೆ ಬರುವ ಎರಡು ಪುಟದ ಬರೀ ಅಕ್ಷರದ ಕಥೆ. ಅಂಚೆಯಲ್ಲಿ ಕಡಿಮೆ ದರ ಸಿಗಲಿ ಅಂತ ಪ್ರಕಾಶಕರು ಅದನ್ನು ಸೇರಿಸುತ್ತಿದ್ದರು. ಅದರ ತಲೆಬರಹ ಸಾಮಾನ್ಯವಾಗಿ ಒಂದೇ ಸಂಚಿಕೆಗೆ ಸೇರಿದ್ದು. ಅದನ್ನೂ ಬರೆದುಕೊಳ್ಳಿ.

ಈ ಪಟ್ಟಿ ಹಿಡಿದು ಗ್ರ್ಯಾಂಡ್ ಕಾಮಿಕ್ಸ್ ಡೇಟಾಬೇಸ್ ಅನ್ನುವ ವೆಬ್‌ಸೈಟ್‌ನಲ್ಲಿ ಹುಡುಕಿ. ಅಲ್ಲಿ ಸಂಚಿಕೆಯೊಳಗಿನ ಕಥೆಗಳನ್ನೂ ಒಂದೊಂದಾಗಿ ದಾಖಲಿಸಿರುತ್ತಾರೆ. ನನ್ನ ತಲೆಬುರುಡೆ ಹೆಂಗಸು ಫ್ಯಾಂಟೋಮಾ. 1940ರಲ್ಲಿ ಫಿಕ್ಷನ್ ಹೌಸ್ ಅನ್ನುವ ಪ್ರಕಾಶಕರ 'ಜಂಗಲ್ ಕಾಮಿಕ್ಸ್'ನಲ್ಲಿ ಬಂದವಳು. ಆಮೇಲೆ ಡಿಜಿಟಲ್ ಕಾಮಿಕ್ ಮ್ಯೂಸಿಯಂ ಅನ್ನುವ ವೆಬ್‌ಸೈಟ್‌ನ ಸ್ಕ್ಯಾನ್ ತೆರೆದು ನನ್ನ ಪ್ರತಿಯ ಜೊತೆ ಪುಟಪುಟ ಹೋಲಿಸಿದೆ. ಮೊದಲ ಚಿತ್ರ, ಕೊನೆಯ ಚಿತ್ರ, ಜಾಹೀರಾತು ಎಲ್ಲವೂ ಹೊಂದಿದ ಮೇಲೆಯೇ ನಂಬಿದೆ.

ಆ ಸ್ಕ್ಯಾನ್‌ಗಳು ಪುಕ್ಕಟೆ ಸಿಗುವುದಕ್ಕೂ ಕಾರಣವಿದೆ. 1964ಕ್ಕೂ ಮೊದಲು ಅಮೆರಿಕದಲ್ಲಿ ಅಚ್ಚಾದ ಪುಸ್ತಕದ ಹಕ್ಕನ್ನು 28ನೇ ವರ್ಷದಲ್ಲಿ ನವೀಕರಿಸಬೇಕಿತ್ತು. ಎಷ್ಟೋ ಕಂಪನಿಗಳು ಅಷ್ಟರಲ್ಲಿ ಬಾಗಿಲು ಹಾಕಿದ್ದವು. ನವೀಕರಿಸದೆ ಬಿಟ್ಟ ಕಾಮಿಕ್ಸ್ ಈಗ ಎಲ್ಲರ ಸ್ವತ್ತು.

ಸಂಚಿಕೆ ಸಂಖ್ಯೆಯನ್ನು ಮಾತ್ರ ಕಣ್ಣು ಮುಚ್ಚಿ ನಂಬಬೇಡಿ. ಹೊಸ ಅಂಚೆ ಪರವಾನಗಿಯ ಖರ್ಚು ಉಳಿಸಲು ಪತ್ರಿಕೆಯ ಹೆಸರು ಮಾತ್ರ ಬದಲಿಸಿ, ಸಂಖ್ಯೆಯನ್ನು ಹಾಗೇ ಮುಂದುವರಿಸುತ್ತಿದ್ದರು. 'ಮೂನ್ ಗರ್ಲ್' ಅನ್ನುವ ಪತ್ರಿಕೆ ಪ್ರೇಮಕಥೆಗೆ ತಿರುಗಿ, 1950ರಲ್ಲಿ 13ನೇ ಸಂಖ್ಯೆಯಿಂದ 'ವಿಯರ್ಡ್ ಫ್ಯಾಂಟಸಿ' ಆಯಿತು. ಆ ಹೆಸರಿನಲ್ಲಿ ಅದಕ್ಕೂ ಹಿಂದಿನ 12 ಸಂಚಿಕೆ ಹುಡುಕಿದರೆ ಸುಮ್ನೆ ದಣಿವು.

ಇನ್ನು ನನಗೆ ತುಂಬಾ ಇಷ್ಟದ ಕೆಲಸ, ಬಿಡಿಸಿದ ಕೈ ಯಾರದ್ದು ಅಂತ ಗುರುತಿಸುವುದು. ಅಚ್ಚಾದ ಹೆಸರು ದಾರಿ ತಪ್ಪಿಸಬಹುದು. ಫ್ಯಾಂಟೋಮಾ ಕಥೆಗಳ ಮೇಲೆ 'ಬಾರ್ಕ್ಲೇ ಫ್ಲ್ಯಾಗ್' ಅಂತಿರುತ್ತದೆ. ನಿಜವಾಗಿ ಅವನ್ನು ಬರೆದು ಬಿಡಿಸಿದವರು ಫ್ಲೆಚರ್ ಹ್ಯಾಂಕ್ಸ್. ಅವರದೇ 'ಸ್ಟಾರ್‌ಡಸ್ಟ್' ಕಥೆಗಳನ್ನು ಪಕ್ಕದಲ್ಲಿಟ್ಟು ನೋಡಿ: ಅದೇ ದಪ್ಪ ಕತ್ತು, ಅದೇ ಬಿಗಿದ ಮುಖ, ಗಾಳಿಯಲ್ಲಿ ಗುಂಪಾಗಿ ತೇಲುವ ಅದೇ ಜನ. ಹ್ಯಾಂಕ್ಸ್ ಕಾಮಿಕ್ಸ್‌ನಲ್ಲಿ ಇದ್ದದ್ದು 1939ರಿಂದ 1941ರವರೆಗೆ ಮಾತ್ರ. ವ್ಯಂಗ್ಯಚಿತ್ರಕಾರ ಪಾಲ್ ಕರಾಸಿಕ್ 2007ರಲ್ಲಿ ಅವರ ಕಥೆಗಳನ್ನು ಸೇರಿಸಿ ಪುಸ್ತಕ ಮಾಡಿದ ಮೇಲೆ ಜಾಸ್ತಿ ಜನಕ್ಕೆ ಆ ಹೆಸರು ತಿಳಿಯಿತು. ಅಷ್ಟು ಹೊತ್ತಿಗೆ ಹ್ಯಾಂಕ್ಸ್ ತೀರಿಕೊಂಡು ಮೂವತ್ತು ವರ್ಷ ದಾಟಿತ್ತು. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ನೀವೂ ಹೀಗೇ ಕಿವಿ, ಬೆರಳು, ಬಟ್ಟೆಯ ಮಡಿಕೆ, ಅಕ್ಷರ ಬರೆದ ರೀತಿ ನೋಡಿ. ಮುಖ ಮಾತ್ರ ನೋಡಿದರೆ ಮೋಸ ಹೋಗಬಹುದು. ಎಷ್ಟೋ ಪುಟಗಳಲ್ಲಿ ಒಬ್ಬರು ಪೆನ್ಸಿಲ್‌ನಲ್ಲಿ ಬಿಡಿಸಿ, ಇನ್ನೊಬ್ಬರು ಶಾಯಿ ಹಾಕುತ್ತಿದ್ದರು.

ಪ್ರತಿಯನ್ನು ಕೈಯಲ್ಲಿ ಹಿಡಿಯುವಾಗ ಜೋಪಾನ. ಅಗ್ಗದ ಕಾಗದದಲ್ಲಿ ಉಳಿದಿರುವ ಲಿಗ್ನಿನ್ ಅನ್ನುವ ಮರದ ಅಂಶ ಬೆಳಕು, ಗಾಳಿ ತಾಗಿ ಹಳದಿಯಾಗುತ್ತದೆ, ಕಾಗದ ಪುಡಿಯಾಗುತ್ತದೆ. ಪುಸ್ತಕವನ್ನು ಪೂರ್ತಿ ಅಗಲಿಸಬೇಡಿ. ತುಕ್ಕು ಹಿಡಿದ ಪಿನ್ ಎಳೆಯಬೇಡಿ. ನಾನು ಹಿಂದೊಮ್ಮೆ ಹರಿದ ಪುಟಕ್ಕೆ ಸೆಲೋಟೇಪ್ ಅಂಟಿಸಿದ್ದೆ. ಕೆಲ ವರ್ಷಕ್ಕೆ ಟೇಪ್ ಕಳಚಿತು, ಕಂದು ಕಲೆ ಉಳಿಯಿತು. ಆ ಚಿತ್ರ ಇನ್ನು ಸರಿಹೋಗುವುದಿಲ್ಲ. ಹರಿದಿದ್ದರೆ ಹಾಗೇ ಬಿಡಿ. ಮೈಲಾರ್ ಅನ್ನುವ ಪಾರದರ್ಶಕ ಪ್ಲಾಸ್ಟಿಕ್ ಕವರ್‌ಗೆ ಹಾಕಿ, ಹಿಂದೆ ಆಮ್ಲವಿಲ್ಲದ ರಟ್ಟು ಇಟ್ಟು, ತಂಪಾದ ಕತ್ತಲೆ ಜಾಗದಲ್ಲಿ ಇಡಿ.

ಕವರ್ ಮುಚ್ಚುವ ಮೊದಲು ಬೇರೆ ಚೀಟಿಯಲ್ಲಿ ಪತ್ರಿಕೆಯ ಹೆಸರು, ಸಂಖ್ಯೆ, ಕಲಾವಿದರ ಹೆಸರು ಬರೆದು ರಟ್ಟಿನ ಹಿಂದೆ ಸೇರಿಸಿ. ಯಾವ ಪುಟ ನೋಡಿ ಹಾಗೆ ಅಂದುಕೊಂಡಿರಿ ಅನ್ನುವುದನ್ನೂ ಬರೆಯಿರಿ. ನಿಮ್ಮ ಊಹೆ ತಪ್ಪಿದ್ದರೆ, ಮುಂದೆ ಆ ಪುಸ್ತಕ ಸಿಕ್ಕವರು ಅದೇ ಪುಟ ತೆರೆದು ತಿದ್ದಬಹುದು.