ಪ್ವೆಬ್ಲಾದಲ್ಲಿ ನಾದಿನಿಯ ಮಗಳಿಗೆ ಹದಿನೈದು ತುಂಬಿದಾಗ

ನಾನು ಹಾಸನದ ಕಡೆಯವಳು, ನನ್ನ ಪತಿ ಮೆಕ್ಸಿಕೋದ ಪ್ವೆಬ್ಲಾ ನಗರದವರು, ನೆಲೆಸಿರುವುದು ಟೆಕ್ಸಾಸ್‌ನಲ್ಲಿ. ಅವರ ತಂಗಿಯ ಮಗಳಿಗೆ 15 ವರ್ಷ ತುಂಬುವ ಸಮಾರಂಭಕ್ಕೆ, ಅಲ್ಲಿನವರು ಕಿನ್ಸೆಅನ್ಯೇರಾ ಎಂದು ಕರೆಯುವ ಹಬ್ಬಕ್ಕೆ, ಹೊರಟಾಗ ಉಡುಗೊರೆ ಏನು ಒಯ್ಯಲಿ ಎಂದು ಪತಿಯನ್ನು ಕೇಳಿದೆ. ಉಡುಗೊರೆಗಿಂತ ಒಂದು ಹೊಣೆಯನ್ನು ಕೇಳಿ ಪಡೆದುಕೊಂಡರೆ ಮನೆಯವರಿಗೆ ಹೆಚ್ಚು ಸಂತೋಷವಾಗುತ್ತದೆ ಎಂದರು.

ಅಲ್ಲಿ ಇಂಥ ಸಮಾರಂಭದ ಖರ್ಚನ್ನು ಹೆತ್ತವರಷ್ಟೇ ಹೊರುವುದು ಅಪರೂಪ. ಕೇಕು, ಕಿರೀಟ, ಪಾದರಕ್ಷೆ, ಸಂಗೀತ ಹೀಗೆ ಒಂದೊಂದನ್ನು ಒಬ್ಬೊಬ್ಬ ನೆಂಟರು ವಹಿಸಿಕೊಂಡು ಅದರ ಪದ್ರೀನೋ, ಹೆಂಗಸಾದರೆ ಮದ್ರೀನಾ, ಎನಿಸಿಕೊಳ್ಳುತ್ತಾರೆ. ಮುಯ್ಯಿ ಓದಿಸುವ ಮದುವೆಗಳನ್ನು ಕಂಡು ಬೆಳೆದ ನನಗೆ ಇದು ಅಪರಿಚಿತವೆನಿಸಲಿಲ್ಲ. ಬಾಲ್ಯದ ಕೊನೆಯ ಆಟಿಕೆಯೆಂದು ಹುಡುಗಿಗೆ ಕೊಡುವ ಗೊಂಬೆಯ ಹೊಣೆಯನ್ನು ನಾನು ಕೇಳಿದೆ. ಗೊಂಬೆಯ ಉಡುಪು ಅವಳ ಉಡುಪನ್ನೇ ಹೋಲುವುದು ರೂಢಿಯಾದ್ದರಿಂದ, ನಾದಿನಿಯನ್ನು ಮೊದಲೇ ಒಪ್ಪಿಸಿ, ಅದೇ ನೀಲಿಯ ಮೈಸೂರು ರೇಷ್ಮೆಯ ತುಂಡಿನಲ್ಲಿ ಲಂಗ ಹೊಲಿದೆ.

ನಿಜವಾದ ತೊಡಕು ಊಟದ್ದು. ಹಿಂದಿನ ಭೇಟಿಯಲ್ಲಿ ನಾನು "ನೋ ಕೋಮೋ ಕಾರ್ನೆ", ಮಾಂಸ ತಿನ್ನುವುದಿಲ್ಲ, ಎಂದಷ್ಟೇ ಹೇಳಿದ್ದೆ. ಕಾರ್ನೆ ಎಂದರೆ ದನ, ಹಂದಿಯ ಮಾಂಸವೆಂದು ಭಾವಿಸುವವರು ಅಲ್ಲಿ ಬಹಳ; ಹಾಗಾಗಿ ಕೋಳಿಯ ಸಾರಿನಲ್ಲಿ ಬೇಯಿಸಿದ ಅನ್ನವೂ ಹಂದಿಯ ಕೊಬ್ಬಿನಲ್ಲಿ ಬಾಡಿಸಿದ ಬೀನ್ಸ್ ಕಾಳೂ ನನ್ನ ತಟ್ಟೆಗೆ ಬಂದವು, ಬಡಿಸಿದವರ ಮನಸ್ಸಿನಲ್ಲಿ ಎಳ್ಳಷ್ಟೂ ಕಪಟವಿರಲಿಲ್ಲ. ಈ ಸಲ ಎರಡು ದಿನ ಮೊದಲೇ ಹೋಗಿ, ಕೋಳಿ, ಸಾರು, ಕೊಬ್ಬು ಎಂದು ಒಂದೊಂದನ್ನೂ ಹೆಸರಿಸಿ ಹೇಳಿ, ಅತ್ತೆಯವರೊಡನೆ ಅಡುಗೆಮನೆಯಲ್ಲಿ ನಿಂತೆ. ಅವರು ಬೇಯಿಸಿದ ಕಾಳನ್ನು ಒಗ್ಗರಣೆಗೆ ಮೊದಲೇ ನನಗಾಗಿ ತೆಗೆದಿಟ್ಟರು. ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ರುಬ್ಬಿ ತಟ್ಟಿದ ತೋರ್ತಿಯಾಗಳ ಬಗ್ಗೆ ಅನುಮಾನಕ್ಕೆ ಎಡೆಯೇ ಇರಲಿಲ್ಲ. ಆಂಚೊ, ಮುಲಾತೊ, ಪಸಿಯ ಎಂಬ ಒಣಮೆಣಸಿನಕಾಯಿಗಳನ್ನು ಎಳ್ಳು, ದಾಲ್ಚಿನ್ನಿ, ಲವಂಗಗಳೊಡನೆ ಹುರಿದು ಅರೆಯುವ ಮೋಲೆ ಎಂಬ ಗೊಜ್ಜಿನ ಘಮಕ್ಕೆ ನನ್ನ ಅಜ್ಜಿ ಹುಳಿಪುಡಿ ಹುರಿಯುತ್ತಿದ್ದ ಮಧ್ಯಾಹ್ನಗಳು ನೆನಪಾದವು. ಅದರಲ್ಲೊಂದು ಪಾಲನ್ನು ಅತ್ತೆಯವರು ಎಣ್ಣೆ ಮತ್ತು ತರಕಾರಿಯ ಸಾರಿನಲ್ಲಿ ಕುದಿಸಿದರು. ಅವರ ಆ ಶ್ರಮಕ್ಕೆ ನಾನು ಎಂದಿಗೂ ಋಣಿ.

ಮಾತಿನಲ್ಲಿ ನಾನು ತಪ್ಪದೆ ಪಾಲಿಸಿದ್ದು ಎರಡು. ಹಿರಿಯರನ್ನು ನಮ್ಮ "ನೀವು" ಇದ್ದಂತೆ "ಉಸ್ತೆದ್" ಎಂದೇ ಕರೆದೆ. ಬಂದಾಗಲೂ ಹೊರಡುವಾಗಲೂ ಗುಂಪಿಗೊಂದು ನಮಸ್ಕಾರ ಹೇಳದೆ, ಪ್ರತಿಯೊಬ್ಬರ ಬಳಿಗೂ ಹೋಗಿ ಕೆನ್ನೆಗೆ ಕೆನ್ನೆ ತಾಗಿಸಿದೆ.

ಚರ್ಚಿನ ಪೂಜೆ ಮುಗಿದು ಎಲ್ಲರೂ ಸಭಾಂಗಣ ಸೇರಿದ ಮೇಲೆ, ತಂದೆ ಮೊಣಕಾಲೂರಿ ಮಗಳ ಚಪ್ಪಟೆ ಪಾದರಕ್ಷೆ ಬಿಡಿಸಿ ಎತ್ತರದ ಹಿಮ್ಮಡಿಯವನ್ನು ತೊಡಿಸಿದರು, ಇಬ್ಬರೂ ವಾಲ್ಟ್ಸ್ ಕುಣಿದರು. ನಂತರ ನನ್ನ ಸರದಿ. ಗೊಂಬೆಯ ಲಂಗದ ಜರಿಯಂಚನ್ನು ಅವಳು ಬೆರಳಿನಿಂದ ಸವರಿ ನೋಡಿದಳು, ಆಮೇಲೆ ಅದನ್ನು ತನ್ನ ಪುಟ್ಟ ತಂಗಿಯ ಕೈಗಿತ್ತಳು. ಅಲ್ಲಿಯವರೆಗೆ ನನ್ನನ್ನು "ತೀಯಾ", ಅಂದರೆ ಅತ್ತೆ, ಎನ್ನುತ್ತಿದ್ದ ಆ ಹುಡುಗಿ ಈಗ ಫೋನಿನಲ್ಲೂ "ಮದ್ರೀನಾ" ಎಂದೇ ಕರೆಯುತ್ತಾಳೆ.