ಇನ್ಶೂರೆನ್ಸ್ ಕಂಪನಿ ಬದಲಿಸಿದ ಮೇಲೆ ಹಳೇ ಅಪಘಾತದ ನೋಟಿಸು ಬಂದರೆ

ಆಗುಂಬೆ ಘಾಟಿಯ ತಿರುವಿನಲ್ಲಿ ಬೈಕಿಗೆ ಕಾರು ತಾಗಿತ್ತು. ಕಾರಿನ ರಿಪೇರಿಗೆ ಕ್ಲೇಮ್ ಆಯಿತು, ಮುಂದಿನ ವರ್ಷ ಬೇರೆ ಕಂಪನಿಯ ಪಾಲಿಸಿ ತೆಗೆದುಕೊಂಡಿರಿ. ಈಗ ಬೈಕ್ ಸವಾರ ಹಾಕಿದ ಪರಿಹಾರದ ಅರ್ಜಿಯ ನೋಟಿಸು ಬಂದಿದೆ. ಇದನ್ನು ಮುಟ್ಟಿಸಬೇಕಾದ್ದು ಹಳೇ ಕಂಪನಿಗೆ. ಅಪಘಾತದ ದಿನ ಯಾರ ಪಾಲಿಸಿ ಚಾಲ್ತಿಯಲ್ಲಿತ್ತೋ ಹೊಣೆ ಅವರದು, ಅವರ ಷರತ್ತು ಪಾಲಿಸುವ ಹೊಣೆ ನಿಮ್ಮದು. ಪಾಲಿಸಿ ಮುಗಿದರೂ ಆ ಅಪಘಾತದ ಮಟ್ಟಿಗೆ ಎರಡೂ ಮುಗಿಯುವುದಿಲ್ಲ.

ನೋಟಿಸು ಬರುವುದು ಆರ್‌ಸಿಯಲ್ಲಿರುವ ವಿಳಾಸಕ್ಕೆ. ಮಲೆನಾಡಿನಲ್ಲಿ ಎಡವಟ್ಟಾಗುವುದು ಇಲ್ಲೇ: ಕಾರು ಬೆಂಗಳೂರಿನಲ್ಲಿ, ಆರ್‌ಸಿ ತೋಟದ ಮನೆಯಲ್ಲಿರುವ ಅಪ್ಪನ ಹೆಸರಲ್ಲಿ. ಲಕೋಟೆ ದೇವರ ಮನೆಯ ಗೂಡು ಸೇರುತ್ತದೆ, ವಾಯಿದೆ ಕಳೆದುಹೋಗುತ್ತದೆ. ಕೋರ್ಟಿನ ಕಾಗದ ಬಂದರೆ ಅಂದೇ ಫೋಟೋ ಕಳಿಸಿ ಎಂದು ಮನೆಯಲ್ಲಿ ಹೇಳಿಟ್ಟಿರಿ. ಅರ್ಜಿದಾರ ತಾನು ವಾಸಿಸುವ ಊರಿನಲ್ಲೂ ಅರ್ಜಿ ಹಾಕಬಹುದು. ಹಾಗಾಗಿ ಅಪಘಾತ ತೀರ್ಥಹಳ್ಳಿ ತಾಲೂಕಿನದ್ದಾದರೂ ನೋಟಿಸು ಉಡುಪಿಯಿಂದ ಬಂದೀತು.

ಹಳೇ ಕಂಪನಿಯಲ್ಲಿ ಎದುರಿನವರಿಗಾದ ಹಾನಿಯ ಕ್ಲೇಮ್ ನೋಡುವ ಮೋಟಾರ್ ಥರ್ಡ್ ಪಾರ್ಟಿ ವಿಭಾಗಕ್ಕೆ ಒಂದು ಪುಟದ ಪತ್ರ ಸಾಕು. ಆ ವರ್ಷದ ಪಾಲಿಸಿ ನಂಬರು, ಗಾಡಿ ನಂಬರು, ಅಪಘಾತದ ದಿನಾಂಕ, ಠಾಣೆ ಮತ್ತು ಎಫ್‌ಐಆರ್ ನಂಬರು, ನೋಟಿಸಿನ ಎಂವಿಸಿ ನಂಬರು (ಕೋರ್ಟಿನ ಕೇಸು ನಂಬರು), ಹಾಜರಾಗಬೇಕಾದ ದಿನ ಇಷ್ಟನ್ನೂ ಬರೆದು ನೋಟಿಸಿನ ಪ್ರತಿ ಲಗತ್ತಿಸಿ. ಶಿವಮೊಗ್ಗದ ಕಚೇರಿಗೆ ಕೈಯಾರೆ ಕೊಟ್ಟರೆ ಇನ್ನೊಂದು ಪ್ರತಿಯ ಮೇಲೆ ದಿನಾಂಕದ ಸಮೇತ ಸೀಲು ಹಾಕಿಸಿಕೊಳ್ಳಿ, ಇಲ್ಲವೇ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀತಿ ಇಟ್ಟುಕೊಳ್ಳಿ. ಏಜೆಂಟರಿಗೆ ವಾಟ್ಸಾಪ್ ಮಾಡಿ ಸುಮ್ಮನಾಗಬೇಡಿ. ಅವರೇ ಈಗ ಬೇರೆ ಕಂಪನಿಯ ಪಾಲಿಸಿ ಮಾರುತ್ತಿರಬಹುದು.

ಕಂಪನಿ ಕೇಳುವ ದಾಖಲೆಗಳಲ್ಲಿ ತೊಡಕಾಗುವುದು ಡ್ರೈವಿಂಗ್ ಲೈಸೆನ್ಸ್. ಅಪಘಾತದ ನಂತರ ರಿನ್ಯೂ ಆಗಿದ್ದರೆ ಈಗಿನ ಕಾರ್ಡು ನೋಡಿ ಅಂದಿನ ಸ್ಥಿತಿ ಹೇಳಲಾಗದು. ಲೈಸೆನ್ಸ್ ಕೊಟ್ಟ ಆರ್‌ಟಿಓದಿಂದ ಡಿಎಲ್ ಎಕ್ಸ್‌ಟ್ರ್ಯಾಕ್ಟ್ (ಲೈಸೆನ್ಸಿನ ದಾಖಲೆಯ ಪ್ರತಿ) ತೆಗೆಸಿ. ಗಾಡಿ ಓಡಿಸಿದವರು ಸಂಬಳದ ಡ್ರೈವರ್ ಆಗಿದ್ದರೆ ಅವರ ಈಗಿನ ವಿಳಾಸವನ್ನೂ ಕೊಡಿ. ಸಾಕ್ಷಿಗೆ ಕರೆದಾಗ ಆಸಾಮಿ ಸಿಗದಿದ್ದರೆ ಕೇಸು ಸೊರಗುತ್ತದೆ.

ಕೋರ್ಟಿನಲ್ಲಿ ಮಾಲೀಕ, ಕಂಪನಿ ಇಬ್ಬರೂ ಎದುರುದಾರರು. ಕಂಪನಿಯ ವಕೀಲರು ಇದ್ದಾರಲ್ಲ ಎಂದು ಮಾಲೀಕರು ಹೋಗುವುದೇ ಇಲ್ಲ, ಏಕಪಕ್ಷೀಯ ಆದೇಶವಾಗುತ್ತದೆ. ಲೈಸೆನ್ಸ್, ಪಾಲಿಸಿ ಸರಿಯಿದ್ದರೆ ಬಹಳ ಸಲ ಏನೂ ಆಗದು. ಆದರೆ ಲೈಸೆನ್ಸ್ ಇರಲಿಲ್ಲವೆಂದೋ ಷರತ್ತು ಮುರಿದಿದ್ದೀರೆಂದೋ ಕಂಪನಿ ತಕರಾರು ಎತ್ತಿದರೆ ಅದರ ವಕೀಲರು ನಿಮ್ಮ ವಿರುದ್ಧವೇ ವಾದಿಸುತ್ತಾರೆ. ಕಂಪನಿ ಮೊದಲು ಹಣ ಕಟ್ಟಿ, ನಂತರ ನಿಮ್ಮಿಂದ ವಸೂಲು ಮಾಡಲಿ ಎಂಬ ಆದೇಶಗಳು ಅಪರೂಪವಲ್ಲ. ಅಂಥ ಸುಳಿವು ಸಿಕ್ಕರೆ ಖರ್ಚಾದರೂ ಸ್ವಂತ ವಕೀಲರನ್ನು ಇಟ್ಟುಕೊಳ್ಳಿ.

ಊರ ಹಿರಿಯರ ಮುಂದೆ ರಾಜಿ ಮಾಡಿಕೊಳ್ಳುವ ರೂಢಿ ನಮ್ಮಲ್ಲಿದೆ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿ, ಅದಕ್ಕೆ ಯಾವ ಷರತ್ತೂ ಅಡ್ಡ ಬರದು. ಆದರೆ ಕಂಪನಿಯ ಲಿಖಿತ ಒಪ್ಪಿಗೆಯಿಲ್ಲದೆ ತಪ್ಪು ನನ್ನದೇ ಎಂದು ಬರೆದುಕೊಡುವುದು, ಇಷ್ಟು ಕೊಡುತ್ತೇನೆ ಎಂದು ಮಾತು ಕೊಡುವುದು ಪಾಲಿಸಿಯ ಷರತ್ತಿಗೇ ವಿರುದ್ಧ. ತಪ್ಪು ಎದುರಿನ ಲಾರಿಯದ್ದಾಗಿ, ನಿಮ್ಮ ರಿಪೇರಿ ಹಣವನ್ನು ಕಂಪನಿ ಕೊಟ್ಟಿದ್ದರೆ, ಆ ಹಣವನ್ನು ಲಾರಿಯವರಿಂದ ವಸೂಲು ಮಾಡುವ ಹಕ್ಕು ಕಂಪನಿಯದು. ಲಾರಿಯವರಿಂದ ಅದೇ ರಿಪೇರಿಗೆ ಹಣ ಪಡೆದಿದ್ದರೆ ಕಂಪನಿಗೆ ತಿಳಿಸಲೇಬೇಕು.

ಹೊಸ ಕಂಪನಿಗೂ ನಿಜ ಹೇಳಿ. ಸ್ವಂತ ಗಾಡಿಯ ರಿಪೇರಿಗೆ ಕ್ಲೇಮ್ ಮಾಡಿದ್ದರೆ ಸಾಮಾನ್ಯವಾಗಿ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಸೊನ್ನೆಗೆ ಇಳಿಯುತ್ತದೆ. ಮುಚ್ಚಿಟ್ಟು ರಿಯಾಯಿತಿ ಪಡೆದರೆ, ಹಳೇ ಕಂಪನಿಯನ್ನು ವಿಚಾರಿಸಿದ ಕೂಡಲೇ ಗೊತ್ತಾಗುತ್ತದೆ.

ಕಳವಿನ ಕ್ಲೇಮ್ ಆದ ಕಾರನ್ನು ಪೊಲೀಸರು ಆಮೇಲೆ ಪತ್ತೆ ಹಚ್ಚಿದರೆ ನೀವೇ ಹೋಗಿ ಬಿಡಿಸಿಕೊಳ್ಳಬೇಡಿ. ಪರಿಹಾರ ಕೊಟ್ಟ ಕಂಪನಿಗೆ ಬರೆದು ತಿಳಿಸಿ. ಟೋಟಲ್ ಲಾಸ್ ಆದ, ಅಂದರೆ ರಿಪೇರಿ ಗಿಟ್ಟದೆಂದು ಕಂಪನಿ ಪೂರ್ತಿ ಪರಿಹಾರ ಕೊಟ್ಟ ಗಾಡಿಯ ಗುಜರಿಯನ್ನು ಬೇರೆಯವರಿಗೆ ಕೊಟ್ಟಿದ್ದರೆ ಮಾಲೀಕತ್ವ ವರ್ಗಾವಣೆಯ ಫಾರಂ 29, 30ಕ್ಕೆ ಸಹಿ ಹಾಕಿದ್ದಷ್ಟೇ ಸಾಲದು, ಆರ್‌ಸಿ ಅವರ ಹೆಸರಿಗೆ ಆಗಿದೆಯೇ ಎಂದು ಸರ್ಕಾರದ ಪರಿವಾಹನ್ ತಾಣದಲ್ಲಿ ನೋಡಿ. ಆಗಿಲ್ಲದಿದ್ದರೆ, ಅವರು ಅದನ್ನು ರಿಪೇರಿ ಮಾಡಿಸಿ ಓಡಿಸಿ ಯಾರಿಗೋ ಗುದ್ದಿದಾಗ ಮುಂದಿನ ನೋಟಿಸೂ ನಿಮ್ಮ ಹೆಸರಿಗೇ ಬರುತ್ತದೆ.